ಹಳ್ಳದ ಸಂಕಕ್ಕೆ ಈ ವರ್ಷವೂ ಅಡಿಕೆ ಮರವೇ? ವಾರ್ಡ್ ಸಭೆಗೆ ಮೊದಲು ಮಾತನಾಡೋಣ

ಹಳ್ಳದಾಚೆಯವನು
ಸೋಮವಾರ, 2025ರ ಜುಲೈ 14ರಂದು, ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಲಿಂಗನಮಕ್ಕಿ ಅಣೆಕಟ್ಟು ಎದ್ದ 1964ರಿಂದ ಈಚೆಗೆ ಲಾಂಚು ಕಾಯುತ್ತಲೇ ಮುದುಕರಾದ ತುಮರಿ ಸೀಮೆಯ ಜನ ಇನ್ನು ಹಿನ್ನೀರಿನ ಮೇಲೆ ಬಸ್ಸಿನಲ್ಲಿ ಹೋಗುತ್ತಾರೆ. ನನ್ನ ಅತ್ತಿಗೆಯ ತವರು ಆ ಕಡೆ. ಫೋನಿನಲ್ಲಿ ಮಾತನಾಡುತ್ತಾ ಅತ್ತೇಬಿಟ್ಟರು. ಅದೇ ದಿನ ಸಂಜೆ ನಮ್ಮ ಹಳ್ಳದ ಸಂಕದ (ಮರ ಅಡ್ಡ ಹಾಕಿದ ಕಾಲುಸೇತುವೆಯ) ನಾಲ್ಕು ಅಡಿಕೆ ಮರಗಳಲ್ಲಿ ಒಂದು ತೇಲಿಹೋಯಿತು. ಉಳಿದ ಮೂರರಲ್ಲಿ ಒಂದರ ಹೊಟ್ಟೆ ಟೊಳ್ಳು. ಕಾಲಿಟ್ಟರೆ ಅದರ ಸದ್ದೇ ಬೇರೆ.

ಹೊರಗಿನಿಂದ ಓದುವವರಿಗಾಗಿ ಹೇಳುತ್ತೇನೆ. ಆಚೆ ದಡದಲ್ಲಿ ಹದಿನಾಲ್ಕು ಮನೆಗಳಿವೆ. ಹಳ್ಳದ ಅಗಲ ಇಪ್ಪತ್ತೆರಡು ಅಡಿ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟಬಹುದು, ಜೂನ್ ಹಿಡಿದ ಮೇಲೆ ಸಂಕವೇ ಗತಿ. ಸುತ್ತು ಹಾದಿ ಗುಡ್ಡ ಹತ್ತಿ ಇಳಿದು ಆರು ಕಿಲೋಮೀಟರು.

ಪ್ರತಿ ವರ್ಷ ನಾವೇ ಮರ ಕಡಿದು, ಹೊತ್ತು, ಹಾಕುತ್ತೇವೆ. ಈ ವರ್ಷ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ. ಕಳೆದ ವರ್ಷ ಕಾಲುಸಂಕಕ್ಕೆ ಅರ್ಜಿ ಕೊಟ್ಟಾಗ ಬಂದ ಹಿಂಬರಹದಲ್ಲಿ, ಸದರಿ ಸ್ಥಳದಲ್ಲಿ ಸಾರ್ವಜನಿಕರು ಓಡಾಡಲು ಸಂಕದ ವ್ಯವಸ್ಥೆ ಇರುತ್ತದೆ ಎಂದು ಬರೆದಿತ್ತು. ಮರ ನಮ್ಮ ತೋಟದ್ದು, ಹೆಗಲು ನಮ್ಮದು, ಹಗ್ಗ ನಮ್ಮದು. ಕಾಗದದಲ್ಲಿ ಮಾತ್ರ ಅದು ‘ವ್ಯವಸ್ಥೆ’. ನಾವು ಮರ ಹಾಕುವವರೆಗೂ ಈ ಹಳ್ಳಕ್ಕೆ ಸೇತುವೆ ಬೇಕು ಎಂದು ಯಾವ ಕಡತವೂ ಒಪ್ಪುವುದಿಲ್ಲ.

24ರ ಗುರುವಾರ ವಾರ್ಡ್ ಸಭೆ. ಏನು ಕೇಳಬೇಕು, ಹೇಗೆ ಕೇಳಬೇಕು, ತಿಳಿದವರು ಹೇಳಿ. ಬೈಯುವುದಿದ್ದರೆ ಇಲ್ಲಿ ಬೇಡ, ನನಗೆ ಫೋನ್ ಮಾಡಿ. ಇಬ್ಬರೂ ಸೇರಿ ಬೈಯೋಣ.

ಕೊನೆಗಾರ
ಮರ ಹಾಕಬಾರದು ಎಂದು ಬರೆಯುವುದು ಸುಲಭ ಅಣ್ಣ. ನಿಮ್ಮ ಮಕ್ಕಳು ಓದು ಮುಗಿಸಿ ಊರು ಬಿಟ್ಟರು. ನನ್ನ ಮಗಳು ಈಗ ಮೂರನೇ ತರಗತಿ.

ದಿನಾ ಬೆಳಿಗ್ಗೆ ಎಂಟಕ್ಕೆ ಅವಳು ದಾಟಬೇಕು. ಬಲಗೈಯಲ್ಲಿ ಕೊಡೆ, ಎಡಗೈಯಲ್ಲಿ ಚಪ್ಪಲಿ. ಹಗ್ಗ ಹಿಡಿಯಲು ಮೂರನೇ ಕೈ ದೇವರು ಕೊಟ್ಟಿಲ್ಲ. ಆದ್ದರಿಂದ ನಾನು ಅವಳಿಗೆ ಮುಖ ಮಾಡಿ ನಿಂತು, ಹಿಂದಕ್ಕೆ ಹೆಜ್ಜೆ ಇಡುತ್ತಾ ದಾಟಿಸುತ್ತೇನೆ. ಕೆಳಗೆ ನೋಡಬೇಡ, ನನ್ನ ಅಂಗಿಯ ಗುಂಡಿ ನೋಡು ಎನ್ನುತ್ತೇನೆ. ಮರದ ಮೇಲೆ ಪಾಚಿ ಕಟ್ಟುತ್ತದೆ. ಮೊದಲೇ ಹೋಗಿ ಒಲೆಯ ಬೂದಿಗೆ ಮರಳು ಬೆರೆಸಿ ಈ ತುದಿಯಿಂದ ಆ ತುದಿಗೆ ಉದುರಿಸಿ ಬರುತ್ತೇನೆ. ಮಧ್ಯಾಹ್ನದ ಮಳೆಗೆ ಅದು ತೊಳೆದುಹೋಗಿರುತ್ತದೆ. ಸಂಜೆ ನಾಲ್ಕಕ್ಕೆ ಮತ್ತೆ ಬೂದಿ.

ಅಡಿಕೆ ಮರ ಎರಡು ಮಳೆಗಾಲ ತಡೆದರೆ ಹೆಚ್ಚು. ಬಗನಿ ಮರವಾದರೆ ಇನ್ನೊಂದು ವರ್ಷ, ಆದರೆ ಅದನ್ನು ಕಡಿದರೆ ಅರಣ್ಯದವರು ಮನೆ ಬಾಗಿಲಿಗೆ ಬರುತ್ತಾರೆ. ನಿಮ್ಮ ಕಡತ ಒಪ್ಪುವವರೆಗೆ ನನ್ನ ಮಗಳು ಎಲ್ಲಿ ಕಾಯಬೇಕು?

ಬೆಂಗಳೂರಿನಲ್ಲಿರುವವಳು
ಓದಿ ಹೊಟ್ಟೆ ತೊಳಸಿತು. ನಾನೂ ಅದೇ ಸಂಕ ದಾಟಿ ಹೈಸ್ಕೂಲಿಗೆ ಹೋದವಳು. ನಾವು ಊರು ಬಿಟ್ಟವರು ಹತ್ತಿಪ್ಪತ್ತು ಜನ ಇದ್ದೇವೆ, ತಲಾ ಐದು ಸಾವಿರ ಹಾಕಿದರೆ ಕಬ್ಬಿಣದ ಸಂಕ ಮಾಡಿಸಬಹುದಲ್ಲವೇ? ಪಂಚಾಯಿತಿಯ ಹಂಗು ಏಕೆ?

ನಿವೃತ್ತ ಮೇಷ್ಟ್ರು
ತಂಗಿ, ಮನಸ್ಸು ದೊಡ್ಡದು, ಆದರೆ ಸ್ವಲ್ಪ ತಾಳು. ಕಬ್ಬಿಣ ಹಾಕುವುದು ಕಷ್ಟವಲ್ಲ. ಹಳ್ಳದ ಎರಡೂ ಕಡೆ ಕಲ್ಲು ಕಟ್ಟಿ ಅದನ್ನು ನಿಲ್ಲಿಸುವುದು ಕಷ್ಟ. ನಮ್ಮ ಮಳೆಯಲ್ಲಿ ನೀರಿನ ಜೊತೆ ಬುಡಸಮೇತ ಮರಗಳು ಬರುತ್ತವೆ. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ನದಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಕಡೆ ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಅವರು ಎಂಜಿನಿಯರು. ನೀರಿನ ಮಟ್ಟ ಅಳೆಯದೆ, ದಡದ ಮಣ್ಣು ನೋಡದೆ ಕೆಲಸಕ್ಕೆ ಕೈಹಾಕುವವರಲ್ಲ. ನಾವು ಪೇಟೆಯ ಗೇಟು ಮಾಡುವವನಿಂದ ಸಂಕ ಮಾಡಿಸಿದರೆ ಮೂರನೇ ವರ್ಷ ಅದು ಕೆಳಗಿನ ತೋಟದಲ್ಲಿ ಸಿಗುತ್ತದೆ.

ಇನ್ನೊಂದು ಮಾತು. ದೇಣಿಗೆಯ ಸಂಕಕ್ಕೆ ವಾರಸುದಾರರು ಯಾರು? ಬೋಲ್ಟು ತುಕ್ಕು ಹಿಡಿದಾಗ ಯಾರನ್ನು ಕೇಳುವುದು?

ಸಭೆಯ ವಿಷಯಕ್ಕೆ ಬರುತ್ತೇನೆ. ವಾರ್ಡ್ ಸಭೆಯನ್ನು ಕಾಟಾಚಾರ ಎಂದು ಬಿಡಬೇಡಿ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಕೆಲಸಗಳ ಪಟ್ಟಿ ಹುಟ್ಟುವುದೇ ಅಲ್ಲಿ. ಅಲ್ಲಿಂದ ಗ್ರಾಮಸಭೆಗೆ, ಆಮೇಲೆ ಕ್ರಿಯಾ ಯೋಜನೆಗೆ. ಮತದಾರರ ಹತ್ತನೇ ಒಂದು ಭಾಗ ಅಥವಾ ಇಪ್ಪತ್ತು ಜನ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಕೋರಂ. ಕಳೆದ ಸಲ ಎಷ್ಟು ಜನ ಇದ್ದೆವು ನೆನಪಿದೆಯೇ? ಹನ್ನೊಂದು. ಅದರಲ್ಲಿ ಇಬ್ಬರು ಬಸ್ಸಿಗೆ ಕಾಯುತ್ತಾ ಮಳೆಗೆ ಒಳಗೆ ಬಂದವರು. ಉಳಿದ ಸಹಿಗಳು ಮನೆ ಮನೆಗೆ ಪುಸ್ತಕ ಕಳುಹಿಸಿ ಹಾಕಿಸಿದವು. ನಾನೂ ಹಾಕಿದ್ದೇನೆ, ಒಪ್ಪಿಕೊಳ್ಳುತ್ತೇನೆ.

ಗೊಣಗುವವನು
ಎಲ್ಲ ಬರೀ ಮಾತು. ಬೀದಿ ದೀಪ ಕೆಟ್ಟು ಐದು ತಿಂಗಳಾಯಿತು. ಕರ ವಸೂಲಿಗೆ ಮಾತ್ರ ಮಳೆ ಲೆಕ್ಕಿಸದೆ ಬರುತ್ತಾರೆ. ನಲ್ಲಿ ನೋಡಿ. 2019ರಲ್ಲಿ ಶುರುವಾದ ಜಲಜೀವನ್ ಯೋಜನೆ, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಹೆಸರು. ತಲೆಗೆ ದಿನಕ್ಕೆ 55 ಲೀಟರಂತೆ. ನನ್ನ ಮನೆಗೆ ಅಜ್ಜನ ಕಾಲದಿಂದ ಗುಡ್ಡದ ಅಬ್ಬಿ ನೀರು ಬರುತ್ತಿದೆ. ಮೊದಲು ಅಡಿಕೆ ದಂಬೆಯಲ್ಲಿ, ಈಗ ಪೈಪಿನಲ್ಲಿ. ವಿದ್ಯುತ್ ಬೇಡ, ಬಿಲ್ಲಿಲ್ಲ. ನಾನು ಹಲ್ಲುಜ್ಜಿ ಮುಗಿಸುವಷ್ಟರಲ್ಲಿ 55 ಲೀಟರು ಸುರಿದಿರುತ್ತದೆ. ನೀರು ಇದ್ದವನ ಅಂಗಳದಲ್ಲಿ ನಲ್ಲಿ ನೆಟ್ಟರು, ಸಂಕ ಇಲ್ಲದವನಿಗೆ ಹಿಂಬರಹ ಕೊಟ್ಟರು. ಇದಕ್ಕೆ ಉತ್ತರ ಯಾರು ಕೊಡುತ್ತಾರೆ? ಸದಸ್ಯೆಯ ಯಜಮಾನರೇ ಕೊಡಬೇಕು, ಪಂಚಾಯಿತಿ ನಡೆಸುವವರು ಅವರೇ ತಾನೆ.

ವಾರ್ಡಿನ ಸದಸ್ಯೆ
ಯಜಮಾನರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧ ಹೊಡೆಸಲು ತೋಟಕ್ಕೆ ಹೋಗಿದ್ದಾರೆ. ಮಳೆ ಬಿಟ್ಟ ಎರಡು ಗಂಟೆಯಲ್ಲಿ ಮೂರು ಡ್ರಮ್ ಮುಗಿಯಬೇಕು. ಇದನ್ನು ಬರೆಯುತ್ತಿರುವವಳು ನಾನೇ. 2020ರ ಡಿಸೆಂಬರಿನಲ್ಲಿ ನೀವು ಮತ ಹಾಕಿದ್ದು ನನಗೆ, ಬೈಗುಳವನ್ನೂ ನನಗೇ ಹಾಕಿ.

ನಲ್ಲಿಯ ಪ್ರಶ್ನೆ ಸರಿಯಾದದ್ದು, ಉತ್ತರವೂ ಇದೆ. ಹದಿನೈದನೇ ಹಣಕಾಸು ಆಯೋಗದಿಂದ ಪಂಚಾಯಿತಿಗೆ ಬರುವ ಹಣದಲ್ಲಿ ನೂರಕ್ಕೆ ಅರವತ್ತು ರೂಪಾಯಿ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಅದರಲ್ಲಿ ಸಂಕ ಮಾಡುವಂತಿಲ್ಲ. ಉಳಿದ ನಲವತ್ತರ ಮೇಲೆ ಎಲ್ಲ ವಾರ್ಡಿನವರ ಕಣ್ಣು. ಪೈಪು ನಿಮಗೆ ಬೇಕೆಂದು ಬಂದದ್ದಲ್ಲ, ಹಣಕ್ಕೆ ಅದೇ ದಾರಿ ಇತ್ತು ಎಂದು ಬಂದದ್ದು.

ಮೇಲಿನವರನ್ನು ಕೇಳೋಣವೆಂದರೆ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2021ರಲ್ಲಿ ಅವಧಿ ಮುಗಿದ ಮೇಲೆ ಚುನಾವಣೆಯೇ ಆಗಿಲ್ಲ. ಮೊದಲು ಕ್ಷೇತ್ರದ ಸದಸ್ಯರು ಯಾವುದಾದರೂ ಮದುವೆ ಮನೆಯಲ್ಲಿ ಸಿಗುತ್ತಿದ್ದರು, ಪಾಯಸ ಉಣ್ಣುವಾಗ ಹಿಡಿದುಕೊಳ್ಳಬಹುದಿತ್ತು. ಈಗ ಅಧಿಕಾರಿಗಳಿಗೆ ಪತ್ರ ಬರೆಯಬೇಕು. ಎರಡು ಬರೆದಿದ್ದೇನೆ, ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೂ ಒಂದು. ಪ್ರತಿಗಳು ನನ್ನ ಬಳಿ ಇವೆ.

ಬೀದಿ ದೀಪ ಈ ವಾರ. ಮಾತು ಕೊಡುವುದಿಲ್ಲ, ಪ್ರಯತ್ನ ಮಾಡುತ್ತೇನೆ.

ಗೊಣಗುವವನು
ಯಜಮಾನರ ಮಾತು ಹಿಂದಕ್ಕೆ ತೆಗೆದುಕೊಂಡೆ. ದೀಪದ ಮಾತು ತೆಗೆದುಕೊಂಡಿಲ್ಲ.

ಲೆಕ್ಕ ಬರೆದು ನಿವೃತ್ತನಾದವನು
ನರೇಗಾದಲ್ಲಿ ಏಕೆ ಕೇಳಬಾರದು ಎಂದು ಯಾರಾದರೂ ಕೇಳುತ್ತಾರೆ, ನಾನೇ ಮೊದಲು ಹೇಳಿಬಿಡುತ್ತೇನೆ. ಕೇಳಬಹುದು. ತೊಡಕು ಇರುವುದು 60:40ರಲ್ಲಿ. ಒಟ್ಟು ಖರ್ಚಿನಲ್ಲಿ ಕೂಲಿ ಅರವತ್ತಕ್ಕಿಂತ ಕಡಿಮೆಯಾಗಬಾರದು, ಸಾಮಗ್ರಿ ನಲವತ್ತನ್ನು ಮೀರಬಾರದು. ಸಂಕವೆಂದರೆ ಸಿಮೆಂಟು, ಕಬ್ಬಿಣ, ಜಲ್ಲಿ, ಕೂಲಿ ಕಡಿಮೆ. ಅದೊಂದನ್ನೇ ಹಿಡಿದರೆ ಲೆಕ್ಕ ಕೂಡುವುದಿಲ್ಲ.

ಆದರೆ ಆ ಲೆಕ್ಕವನ್ನು ಒಂದೊಂದು ಕೆಲಸಕ್ಕೆ ನೋಡುವುದಲ್ಲ. ಊರಿನವರು ತೋಟದ ಬಸಿಗಾಲುವೆ, ಇಂಗುಗುಂಡಿ, ಕೆರೆ ಹೂಳು ಎಂದು ಕೂಲಿ ಹೆಚ್ಚಿರುವ ಕೆಲಸಗಳಿಗೆ ಅರ್ಜಿ ಹಾಕಿ ನಿಜವಾಗಿ ದುಡಿದರೆ, ಸಾಮಗ್ರಿಯ ಪಾಲು ಸಂಕಕ್ಕೆ ಹೊಂದಿಕೊಳ್ಳುತ್ತದೆ. 2025ರ ಏಪ್ರಿಲ್‌ನಿಂದ ನಮ್ಮ ರಾಜ್ಯದಲ್ಲಿ ದಿನಗೂಲಿ 370 ರೂಪಾಯಿ. ತೋಟದ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಸಿಗುವುದರಿಂದ ನಮ್ಮ ಕಡೆ ಯಾರೂ ಉದ್ಯೋಗ ಚೀಟಿ ತೆಗೆದು ನೋಡುವುದಿಲ್ಲ. ಚೀಟಿ ಪೆಟ್ಟಿಗೆಯಲ್ಲಿ, ಸಂಕ ಹಳ್ಳದಲ್ಲಿ.

ಹಳ್ಳದಾಚೆಯವನು
ಇದು ನನಗೆ ತಿಳಿದಿರಲಿಲ್ಲ. ನನ್ನ ಚೀಟಿಯ ಮೇಲೆ ಜಿರಲೆ ಮೊಟ್ಟೆ ಇಟ್ಟಿದೆ.

ಕಾಡಂಚಿನ ವಕೀಲ
ಎಲ್ಲರೂ ಹಣದ ಮಾತನಾಡುತ್ತಿದ್ದೀರಿ, ನೆಲದ ಮಾತು ಯಾರೂ ಎತ್ತಲಿಲ್ಲ. ಈಚೆ ದಡ ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನಬೆಟ್ಟ; ಆಚೆ ದಡ ಮೀಸಲು ಅರಣ್ಯ. ಹಣ ಬಂದರೂ ಮೊದಲ ಗುದ್ದಲಿ ಬಿದ್ದ ದಿನವೇ ಕೆಲಸ ನಿಲ್ಲಿಸುತ್ತಾರೆ. ಹಾಗೆ ಅರ್ಧಕ್ಕೆ ನಿಂತ ಕಂಬಗಳನ್ನು ನಾನು ಬೇರೆ ಊರುಗಳಲ್ಲಿ ನೋಡಿದ್ದೇನೆ.

ದಾರಿ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ. ಜನರಿಗೆ ಪಟ್ಟಾ ಕೊಡುವ ಕಾಯ್ದೆ ಎಂದಷ್ಟೇ ಎಲ್ಲರೂ ತಿಳಿದಿದ್ದಾರೆ. ಅದರಲ್ಲೇ ಊರಿನ ಹದಿಮೂರು ಬಗೆಯ ಸೌಲಭ್ಯಗಳಿಗೆ ಕಾಡಿನ ನೆಲ ಕೊಡುವ ಅವಕಾಶವೂ ಇದೆ. ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ತಂತಿ, ರಸ್ತೆ ಇತ್ಯಾದಿ. ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿಲ್ಲ. ನಮಗೆ ಬೇಕಾದದ್ದು ಎರಡು ಗುಂಟೆಯೂ ಅಲ್ಲ, ಕಡಿಯಬೇಕಾದದ್ದು ಒಂದು ಮುಳ್ಳುಪೊದೆ. ಅರ್ಜಿ ವಲಯ ಅರಣ್ಯಾಧಿಕಾರಿಗೆ, ತೀರ್ಮಾನ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಯದು. ದೆಹಲಿಯವರೆಗೆ ಹೋಗಬೇಕಿಲ್ಲ.

ಪಟ್ಟಿಯಲ್ಲಿ ‘ರಸ್ತೆ’ ಎಂದಿದೆ, ‘ಕಾಲುಸಂಕ’ ಎಂದಿಲ್ಲ. ಆದ್ದರಿಂದ ಅರ್ಜಿಯಲ್ಲಿ ‘ಕಾಲುದಾರಿ ರಸ್ತೆ ಮತ್ತು ಅದರ ಭಾಗವಾದ ಸಂಕ’ ಎಂದು ಬರೆಯಿರಿ. ಇಂತಹ ಸಣ್ಣ ಶಬ್ದಕ್ಕೆ ಆರು ತಿಂಗಳು ಕಡತ ಹಿಂದಕ್ಕೆ ಬರುತ್ತದೆ.

ಮುಖ್ಯವಾದದ್ದು ಕೊನೆಗೆ. ಇದಕ್ಕೆ ಗ್ರಾಮಸಭೆಯ ಶಿಫಾರಸು ಕಡ್ಡಾಯ. ಅಲ್ಲಿ ಇಪ್ಪತ್ತು ಜನ ಸಾಲದು. ಊರಿನ ವಯಸ್ಕರಲ್ಲಿ ಅರ್ಧದಷ್ಟು ಜನ ಹಾಜರಿರಬೇಕು. ಮನೆ ಮನೆಗೆ ಪುಸ್ತಕ ಕಳುಹಿಸುವ ಸಹಿ ಇಲ್ಲಿ ನಡೆಯುವುದಿಲ್ಲ, ಮೇಷ್ಟ್ರೇ.

ನಿವೃತ್ತ ಮೇಷ್ಟ್ರು
ಪೆಟ್ಟು ತಿಂದೆ. ಸರಿಯಾಗಿಯೇ ಬಿತ್ತು.

ಬೆಂಗಳೂರಿನಲ್ಲಿರುವವಳು
ಅರ್ಧದಷ್ಟು ಜನ ಎಂದರೆ ನಾವೂ ಲೆಕ್ಕಕ್ಕೆ ಬರುತ್ತೇವೆಯೇ? ನನ್ನ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲಿದೆ.

ಕಾಡಂಚಿನ ವಕೀಲ
ಹೆಸರಿದ್ದರೆ ಭಾಗಿಸುವ ಸಂಖ್ಯೆ ದೊಡ್ಡದಾಗುತ್ತದೆ, ಬಾರದಿದ್ದರೆ ಹಾಜರಿ ಚಿಕ್ಕದಾಗುತ್ತದೆ. ಊರು ಬಿಟ್ಟವರಿಂದ ಊರಿಗೆ ಎರಡೂ ಕಡೆಯಿಂದ ನಷ್ಟ. ಬೇಸರ ಮಾಡಿಕೊಳ್ಳಬೇಡಿ, ನನ್ನ ಮಗನಿಗೂ ಇದನ್ನೇ ಹೇಳಿದ್ದೇನೆ. ಐದು ಸಾವಿರ ರೂಪಾಯಿ ಹಾಗೇ ಇರಲಿ, ಆ ದಿನ ಬಸ್ ಹತ್ತಿ ಬನ್ನಿ.

ಆಶಾ ಕಾರ್ಯಕರ್ತೆ
ನಾನು ಇಲ್ಲಿ ಹೆಚ್ಚು ಬರೆಯುವವಳಲ್ಲ. ಬರೆದರೆ ಎಲ್ಲಿಯೋ ಏನೋ ಆಗುತ್ತದೆ ಎಂಬ ಭಯ. ಆದರೂ ಒಂದು ವಿಷಯ.

ಆಚೆ ದಡದ ಹದಿನಾಲ್ಕು ಮನೆ ನನ್ನ ಪಟ್ಟಿಯಲ್ಲಿವೆ. ಚಳಿಗಾಲದಿಂದ ಬೇಸಿಗೆಯವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆಯನ್ನು ಬಿಟ್ಟಿಲ್ಲ. ಆಗ ಹಳ್ಳದಲ್ಲಿ ನೀರಿಲ್ಲ. ಕಾಯಿಲೆ ಹರಡುವ ಉಣ್ಣಿ ಹುಳ ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಕಲ್ಲು ಹಾರಿ ಹೋಗುತ್ತೇನೆ. ಮಳೆಗಾಲದ್ದೇ ಕಷ್ಟ. ಕಳೆದ ಆಗಸ್ಟಿನಲ್ಲಿ ತುಂಬು ಗರ್ಭಿಣಿಯೊಬ್ಬರಿಗೆ ರಾತ್ರಿ ನೋವು ಬಂತು. ಆಂಬುಲೆನ್ಸ್ ಈಚೆ ದಡದವರೆಗೆ ಬಂದು ನಿಂತಿತು. ಪ್ಲಾಸ್ಟಿಕ್ ಕುರ್ಚಿಗೆ ಹಗ್ಗ ಕಟ್ಟಿ, ಕುರ್ಚಿಯಲ್ಲಿ ಅವರನ್ನು ಕೂರಿಸಿ, ಮುಂದೆ ಇಬ್ಬರು ಹಿಂದೆ ಇಬ್ಬರು. ನಾಲ್ಕು ಮರದ ಸಂಕದ ಮೇಲೆ ಇಬ್ಬರು ಜೊತೆಯಾಗಿ ನಡೆಯಲು ಆಗುವುದಿಲ್ಲ. ಆದ್ದರಿಂದ ಇಬ್ಬರು ನೀರಿಗಿಳಿದರು, ಸೊಂಟದವರೆಗೆ. ನಾನು ಬ್ಯಾಟರಿ ಹಿಡಿದು ನಿಂತಿದ್ದೆ. ಕೈ ನಡುಗಿ ಬೆಳಕು ಅಲ್ಲಾಡುತ್ತಿತ್ತು. ಅವರೇ ಕುರ್ಚಿಯಿಂದ, ಅಕ್ಕ, ಬೆಳಕು ಗಟ್ಟಿ ಹಿಡಿಯಿರಿ, ನನಗೇನೂ ಆಗುವುದಿಲ್ಲ ಎಂದರು. ಮಗು ಚೆನ್ನಾಗಿದೆ. ಮೊನ್ನೆ ಚುಚ್ಚುಮದ್ದಿಗೆ ಬಂದಾಗ ನನ್ನ ಕನ್ನಡಕ ಕಿತ್ತುಕೊಂಡಿತು.

ಇದು ಯಾವ ನಡಾವಳಿ ಪುಸ್ತಕದಲ್ಲೂ ಇಲ್ಲ. ನನ್ನ ರಿಜಿಸ್ಟರಿನಲ್ಲಿ ‘ಸುರಕ್ಷಿತ ಹೆರಿಗೆ’ ಎಂದಷ್ಟೇ ಇದೆ.

ಹಳ್ಳದಾಚೆಯವನು
ಕುರ್ಚಿ ನಮ್ಮ ಮನೆಯದು. ಅದರ ಒಂದು ಕಾಲಿನಲ್ಲಿ ಇನ್ನೂ ಹಗ್ಗದ ಗುರುತಿದೆ.

ಅಕ್ಕ ಹೇಳಿದ್ದನ್ನೇ ನಾನು ಮೊದಲಿನಿಂದ ಹೇಳಲು ಹೊರಟದ್ದು, ಸರಿಯಾಗಿ ಬರಲಿಲ್ಲ. ನಾವು ಎಲ್ಲವನ್ನೂ ಮಾಡಿ ಮುಗಿಸುತ್ತೇವೆ, ಆದ್ದರಿಂದ ಏನೂ ಆಗಿಲ್ಲ ಎಂದಾಗುತ್ತದೆ. ಯಾರೂ ಬೀಳಲಿಲ್ಲ ಎಂಬುದೇ ನಮ್ಮ ಅರ್ಜಿಗೆ ಅಡ್ಡಿ. ಬಿದ್ದರೆ ಮಾತ್ರ ಮಂಜೂರಾಗುತ್ತದೆ ಎಂದರೆ ಅಂತಹ ಮಂಜೂರಾತಿ ನನಗೆ ಬೇಡ.

ಕೊನೆಗಾರ ತಮ್ಮ, ನಿನ್ನ ಮಾತಿಗೆ ನಾನು ಉತ್ತರ ಕೊಟ್ಟಿರಲಿಲ್ಲ. ಈಗ ಕೊಡುತ್ತೇನೆ. ಮರ ಹಾಕೋಣ. ಆದರೆ ಹಾಕಿದ್ದನ್ನು ಬರೆಸಿ ಹಾಕೋಣ. ಎಷ್ಟು ಮರ, ಎಷ್ಟು ಆಳು, ಎಷ್ಟು ದಿನ, ಎಷ್ಟು ವರ್ಷದಿಂದ. ಮೇಷ್ಟ್ರೇ, ನಿಮ್ಮ ಅಕ್ಷರ ದುಂಡಗಿದೆ, ಒಂದು ಹಾಳೆ ಸಿದ್ಧ ಮಾಡಿಕೊಡಿ.

ನಿವೃತ್ತ ಮೇಷ್ಟ್ರು
ಬರೆದಿದ್ದೇನೆ. ನನಗೆ ನೆನಪಿರುವಂತೆ 1978ರಿಂದ ಈ ಹಳ್ಳಕ್ಕೆ ಊರಿನವರೇ ಮರ ಹಾಕುತ್ತಿದ್ದಾರೆ. ವರ್ಷಕ್ಕೆ ಎರಡೆರಡು ಮರ ಎಂದು ಹಿಡಿದರೂ ಒಂದು ಸಣ್ಣ ತೋಟ ನೀರಿಗೆ ಹೋಗಿದೆ. ಹಿಂಬರಹದ ಪ್ರತಿ, ಸದಸ್ಯೆಯವರ ಪತ್ರಗಳ ಪ್ರತಿ, ಕುರ್ಚಿಯ ವಿಷಯ (ಹೆಸರಿಲ್ಲದೆ, ಅವರ ಒಪ್ಪಿಗೆ ಕೇಳಿದ್ದೇನೆ) ಎಲ್ಲ ಸೇರಿ ನಾಲ್ಕು ಪುಟ. ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೆ ನಾನು ಎದ್ದು ಹೋಗುವುದಿಲ್ಲ. ಬರೆದ ಮೇಲೆ ಓದಿ ಹೇಳಬೇಕು. ಖಾಲಿ ಪುಟಕ್ಕೆ ಯಾರೂ ಸಹಿ ಹಾಕಬೇಡಿ.

ವಾರ್ಡಿನ ಸದಸ್ಯೆ
ಗುರುವಾರ ಬೆಳಿಗ್ಗೆ 11ಕ್ಕೆ, ಶಾಲೆಯ ಹಳೆಯ ಕೊಠಡಿಯಲ್ಲಿ. ಅಭಿವೃದ್ಧಿ ಅಧಿಕಾರಿಗಳು ಬರುತ್ತೇನೆ ಎಂದಿದ್ದಾರೆ. ಹೆಂಗಸರು ಖಂಡಿತ ಬನ್ನಿ. ಕಳೆದ ಸಲ ನಾನೊಬ್ಬಳೇ ಇದ್ದೆ, ಚಹಾ ಮಾಡಿದವಳೂ ನಾನೇ.

ಕೊನೆಗಾರ
ಗುರುವಾರ, ಬೆಳಿಗ್ಗೆ 5.40. ರಾತ್ರಿಯಿಡೀ ಹೊಡೆದಿದೆ. ಇನ್ನೊಂದು ಮರವೂ ಹೋಯಿತು. ಉಳಿದ ಎರಡು ನೀರಿನೊಳಗೆ ಇವೆ, ಕಾಣುವುದಿಲ್ಲ. ಇವತ್ತು ಯಾರೂ ದಾಟುವಂತಿಲ್ಲ. ಮಗಳನ್ನು ಶಾಲೆಗೆ ಕಳುಹಿಸುವುದಿಲ್ಲ.

ವಾರ್ಡಿನ ಸದಸ್ಯೆ
ಅಧಿಕಾರಿಗಳು ಫೋನ್ ಮಾಡಿದ್ದರು. ಆಚೆ ದಡದವರು ಬರಲಾಗದಿದ್ದರೆ ಸಭೆ ಮುಂದೂಡೋಣವೇ ಎಂದು ಕೇಳುತ್ತಿದ್ದಾರೆ.

ಗೊಣಗುವವನು
ಸಂಕ ಕೇಳುವ ಸಭೆಗೆ ಸಂಕ ಇಲ್ಲದೆ ಬರಲಾಗಲಿಲ್ಲ. ಇದನ್ನೇ ಮೊದಲ ಸಾಲಾಗಿ ಬರೆಸಿ.

ಹಳ್ಳದಾಚೆಯವನು
ಮುಂದೂಡಬೇಡಿ. ನಾವು ಸುತ್ತು ಹಾದಿಯಲ್ಲಿ ಹೊರಟಿದ್ದೇವೆ, ಹತ್ತೊಂಬತ್ತು ಜನ, ಅದರಲ್ಲಿ ಎಂಟು ಹೆಂಗಸರು. ಉಂಬಳ (ಜಿಗಣೆ) ಹತ್ತದಂತೆ ಸುಣ್ಣ-ಹೊಗೆಸೊಪ್ಪು ಕಾಲಿಗೆ ಹಚ್ಚಿಕೊಂಡಿದ್ದೇವೆ. ಹನ್ನೊಂದಕ್ಕೆ ಆಗುವುದಿಲ್ಲ, ಹನ್ನೆರಡಕ್ಕೆ ಶುರು ಮಾಡಿ. ಕಂಬಳಿ ಒಣಗಿಸಲು ಒಂದು ಹಗ್ಗ ಕಟ್ಟಿಡಿ.

ನಿವೃತ್ತ ಮೇಷ್ಟ್ರು
ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರುಗಳ ಮುಂದೆ ‘ಆರು ಕಿಲೋಮೀಟರು ನಡೆದು ಬಂದವರು’ ಎಂದು ಬರೆಸುತ್ತೇನೆ.

ಆಶಾ ಕಾರ್ಯಕರ್ತೆ
ಚಹಾ ನಾನು ಮಾಡುತ್ತೇನೆ. ಸದಸ್ಯೆಯವರು ಕುರ್ಚಿಯಲ್ಲಿ ಕೂರಲಿ.

ಹಳ್ಳದಾಚೆಯವನು
ಈಗಷ್ಟೇ ಮನೆ ತಲುಪಿದೆ, ಸುತ್ತು ಹಾದಿಯಲ್ಲೇ. ಸಭೆಯಲ್ಲಿ 46 ಜನ ಇದ್ದೆವು. ಸಂಕವನ್ನು ವಾರ್ಡಿನ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದರು. ಅಧಿಕಾರಿಗಳು ‘ಸಾಧ್ಯವಾದಲ್ಲಿ’ ಎಂಬ ಪದ ಸೇರಿಸಿದ್ದರು, ಮೇಷ್ಟ್ರು ಅದನ್ನು ಹೊಡೆದು ಹಾಕಿಸಿದರು. ಹಳ್ಳ ನೋಡಲು ಬನ್ನಿ ಎಂದಾಗ ಅಧಿಕಾರಿಗಳು ಬಂದರು. ಹತ್ತು ನಿಮಿಷ ನಿಂತರು, ಮಾತನಾಡಲಿಲ್ಲ, ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಂಡರು. ಅರಣ್ಯದ ಶಿಫಾರಸಿಗೆ ಗ್ರಾಮಸಭೆ ಚೌತಿ ಹಬ್ಬದ ಮರುದಿನ, ಏಕೆಂದರೆ ಆಗ ಬೆಂಗಳೂರಿನವರು ಊರಿನಲ್ಲಿರುತ್ತಾರೆ. ನರೇಗಾ ಅರ್ಜಿಗೆ ಒಂಬತ್ತು ಮನೆಯವರು ಹೆಸರು ಕೊಟ್ಟಿದ್ದಾರೆ.

ಹಣ ಯಾವ ವರ್ಷ ಬರುತ್ತದೆ ಎಂದು ಕೇಳಬೇಡಿ.

ಬೆಂಗಳೂರಿನಲ್ಲಿರುವವಳು
ಚೌತಿಗೆ ನಾವು ನಾಲ್ವರು ಬರುತ್ತೇವೆ. ಮರುದಿನವೂ ಇರುತ್ತೇವೆ, ರಜೆ ಹಾಕಿಯಾಯಿತು.

ಕೊನೆಗಾರ
ನೀರು ಇಳಿಯುತ್ತಿದೆ. ಶನಿವಾರ ಬೆಳಿಗ್ಗೆ ಏಳಕ್ಕೆ ಮರ ಹಾಕುತ್ತೇವೆ. ನಮ್ಮ ತೋಟದ ಎರಡು, ದೊಡ್ಡಮನೆಯ ಎರಡು, ಕೊಳೆ ಬಂದು ತಲೆ ಒಣಗಿದವು. ಹೊರಲು ಎಂಟು ಜನ ಬೇಕು.

ಹಳ್ಳದಾಚೆಯವನು
ಹಗ್ಗ ನಾನು ತರುತ್ತೇನೆ. ಹಾಕುವ ಮುಂಚೆ ಬರಿಯ ಹಳ್ಳದ ಒಂದು ಚಿತ್ರ ಬೇಕು, ನಾನು ಬರುವವರೆಗೆ ಮರ ಇಳಿಸಬೇಡ.

ಕೊನೆಗಾರ
ಆಯಿತು ಅಣ್ಣ. ಏಳಕ್ಕೆ ಎಂದರೆ ಏಳಕ್ಕೆ. ಬೂದಿ ನಾನು ತರುತ್ತೇನೆ.